ದಿನಕ್ಕೆ ಎಷ್ಟು ನೀರು ಕುಡಿಯಬೇಕು?

ಬೇಸಿಗೆ ಶುರುವಾಯಿತೆಂದರೆ ನೀರಿನ ಬಗ್ಗೆ ಕೇಳುವವರೂ ಹೆಚ್ಚುತ್ತಾರೆ. ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳಿಗೆ ಈ ವಾರ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ, ಗಾರೆ ಕೆಲಸ. ದಿನಕ್ಕೆ ಮೂರು ಲೀಟರ್ ಸಾಕು ಅಂತ ಒಬ್ಬರು, ಐದು ಬೇಕು ಅಂತ ಇನ್ನೊಬ್ಬರು ಹೇಳುತ್ತಾರೆ. ಎಷ್ಟು ಕುಡಿದರೂ ಸಂಜೆಗೆ ತಲೆನೋವು, ಮೀನಖಂಡ ಹಿಡಿದುಕೊಳ್ಳುತ್ತದೆ. (ರಾಯಚೂರು)

ಉತ್ತರ: ಎಲ್ಲರಿಗೂ ಹೊಂದುವ ಲೀಟರ್ ಲೆಕ್ಕ ಇಲ್ಲ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರಿಗೆ ಇಡೀ ದಿನಕ್ಕೆ ಸಾಲುವ ನೀರು ನಿಮಗೆ ಮಧ್ಯಾಹ್ನದವರೆಗೂ ಸಾಲದು. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿ ಇದ್ದರೆ ಸರಿ. ಕಡುಹಳದಿಯಾಗಿ, ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ನೀರು ಸಾಲುತ್ತಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಮಾತ್ರ ಈ ಗುರುತು ಹೊಂದದು. ಬಿಸಿಲಲ್ಲಿ ಕೆಲಸ ಮಾಡುವಾಗ ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಿರಿ. ಒಮ್ಮೆಲೇ ಚೊಂಬುಗಟ್ಟಲೆ ಕುಡಿಯಬೇಡಿ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ, ನೀವು ಬರೀ ನೀರನ್ನಷ್ಟೇ ವಾಪಸು ತುಂಬುತ್ತಿದ್ದೀರಿ. ಮೀನಖಂಡ ಹಿಡಿಯುವುದಕ್ಕೆ ಇದೂ ಕಾರಣವಿರಬಹುದು. ಬುತ್ತಿಯ ಜೊತೆ ಉಪ್ಪು ಹಾಕಿದ ನೀರು ಮಜ್ಜಿಗೆಯನ್ನೋ ಅಂಬಲಿಯನ್ನೋ ಒಯ್ಯಿರಿ. ಬಿಪಿ ಇದ್ದರೆ ಉಪ್ಪಿನ ವಿಷಯ ಮೊದಲು ನಿಮ್ಮ ವೈದ್ಯರಲ್ಲಿ ಕೇಳಿ.

ಜೊತೆಯವರಲ್ಲಿ ಯಾರಾದರೂ ಬಿಸಿಲಲ್ಲಿ ತಡವರಿಸಿ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ ಎಂದೇ ತಿಳಿಯಿರಿ. ತಡಮಾಡದೆ 108ಕ್ಕೆ ಕರೆ ಮಾಡಿ. ಅವರನ್ನು ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್, 29 ವರ್ಷ. ಟಾಯ್ಲೆಟ್‌ಗೆ ಎದ್ದರೆ ಸೂಪರ್‌ವೈಸರ್ ಬೈತಾರೆ ಅಂತ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಈಚೆಗೆ ಉರಿಮೂತ್ರ, ಕಿಬ್ಬೊಟ್ಟೆ ನೋವು. (ಬೆಂಗಳೂರು)

ಉತ್ತರ: ನಿಮ್ಮಂತೆ ನೀರು ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳು ಬಹಳ ಮಂದಿ ಇದ್ದಾರೆ. ಹೊಲಕ್ಕೆ ಹೋಗುವವರು, ಬಸ್ಸಿನ ಕಂಡಕ್ಟರ್‌ಗಳು, ಶೌಚಾಲಯಕ್ಕೆ ಬಾಗಿಲಿಲ್ಲದ ಶಾಲೆಗಳ ಹುಡುಗಿಯರು ಎಲ್ಲರದೂ ಇದೇ ಪಾಡು. ಆಗಾಗ ಮೂತ್ರ ಹೋದರೆ ಮೂತ್ರಕೋಶಕ್ಕೆ ಸೇರಿದ ರೋಗಾಣುಗಳೂ ತೊಳೆದುಹೋಗುತ್ತವೆ. ನೀರು ಕುಡಿಯದೆ, ಬಂದ ಮೂತ್ರವನ್ನೂ ತಡೆದರೆ ಅವು ಅಲ್ಲೇ ಬೆಳೆಯುತ್ತವೆ. ನಿಮ್ಮದು ಬಹುಶಃ ಮೂತ್ರನಾಳದ ಸೋಂಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಮೂತ್ರಪರೀಕ್ಷೆ ಮಾಡಿಸಿ, ವೈದ್ಯರು ಬರೆದುಕೊಟ್ಟಷ್ಟು ದಿನವೂ ಔಷಧಿ ತಪ್ಪದೆ ತೆಗೆದುಕೊಳ್ಳಿ. ಚಳಿಜ್ವರ ಬಂದರೆ, ಪಕ್ಕೆ ಅಥವಾ ಬೆನ್ನು ನೋವು ಕಾಣಿಸಿಕೊಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯಾಗಿದ್ದರೆ ಒಂದು ದಿನವೂ ತಡಮಾಡಬೇಡಿ.

ಮೂರು ಗಂಟೆಗೊಮ್ಮೆಯಾದರೂ ಎದ್ದು ಹೋಗಿಬನ್ನಿ. ಕುಡಿಯುವ ನೀರು, ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಒದಗಿಸುವುದು ಕಾರ್ಖಾನೆ ನಡೆಸುವವರ ಮೇಲೆ ಕಾನೂನು ಹೊರಿಸಿದ ಕರ್ತವ್ಯ. ಒಬ್ಬರೇ ಕೇಳಲು ಹಿಂಜರಿಕೆಯಾದರೆ ಲೈನಿನ ನಾಲ್ಕು ಜನ ಸೇರಿ ಕೇಳಿ. ಇದು ನಿಮ್ಮ ಆರೋಗ್ಯದ ಮಾತು, ಬೇಡಿಕೊಳ್ಳುವ ವಿಷಯವಲ್ಲ.

ಪ್ರಶ್ನೆ: ಅಮ್ಮನಿಗೆ 74 ವರ್ಷ. ಹಾರ್ಟ್ ವೀಕ್ ಅಂದಿದ್ದಾರೆ. ಒಳ್ಳೆಯದೆಂದು ದಿನಾ ಮೂರು ಲೀಟರ್ ನೀರು ಕುಡಿಸುತ್ತಿದ್ದೇನೆ. ಈಗ ಕಾಲು ಊದಿಕೊಂಡಿದೆ. (ಶಿವಮೊಗ್ಗ)

ಉತ್ತರ: ಬಲವಂತವಾಗಿ ಕುಡಿಸುವುದನ್ನು ಇವತ್ತೇ ನಿಲ್ಲಿಸಿ, ಅವರ ಹೃದಯ ವೈದ್ಯರಿಗೆ ಈಗಲೇ ತಿಳಿಸಿ. ದುರ್ಬಲ ಹೃದಯ ಹೆಚ್ಚುವರಿ ನೀರನ್ನು ನಿಭಾಯಿಸಲಾರದು. ಅದು ಕಾಲಲ್ಲಿ, ಆಮೇಲೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ವೈದ್ಯರು ದಿನಕ್ಕೆ ಇಷ್ಟೇ ಎಂದು ಗೊತ್ತುಮಾಡಿದರೆ ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ತಕ್ಷಣ ತೋರಿಸಿ. ಕಿಡ್ನಿ ಕಾಯಿಲೆಯವರಿಗೂ ನೀರಿನ ಮಿತಿ ಇರಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಅಂಥವರು ಕೇಳದೆ ಕುಡಿಯಬಾರದು.

ಇಂಥ ಕಾಯಿಲೆ ಇಲ್ಲದ ಹಿರಿಯರ ಮಾತು ಬೇರೆ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆಯಾಗುತ್ತದೆ. ಅವರು ಕೇಳದಿದ್ದರೂ ಹೊತ್ತುಹೊತ್ತಿಗೆ ಅರ್ಧ ಲೋಟ ಕೊಡುತ್ತಿರಬೇಕು.

ಪ್ರಶ್ನೆ: ನಾಲ್ಕು ತಿಂಗಳ ಮಗುವಿಗೆ ಬೇಸಿಗೆಯಲ್ಲಿ ನೀರು ಕೊಡಲೇಬೇಕು ಅಂತ ಅತ್ತೆ ಹೇಳುತ್ತಾರೆ. ದೊಡ್ಡವನಿಗೆ ಮೂರು ವರ್ಷ, ಭೇದಿ ಆದಾಗ ಯಾವ ಓಆರ್‌ಎಸ್ ಕೊಡಲಿ? (ಕಲಬುರಗಿ)

ಉತ್ತರ: ಆರು ತಿಂಗಳವರೆಗೆ ಎಷ್ಟೇ ಬಿಸಿಲಿದ್ದರೂ ಎದೆಹಾಲು ಸಾಕು, ಅದರಲ್ಲಿ ಬಹುಪಾಲು ನೀರೇ ಇದೆ. ಕೇಳಿದಾಗಲೆಲ್ಲ ಹಾಲು ಕೊಡಿ, ನೀವು ಚೆನ್ನಾಗಿ ನೀರು ಕುಡಿಯಿರಿ. ಅತ್ತೆಯವರ ಕಾಳಜಿ ದೊಡ್ಡದು, ಆಶಾ ಕಾರ್ಯಕರ್ತೆಯಿಂದಲೂ ಈ ಮಾತು ಹೇಳಿಸಿ.

ದೊಡ್ಡ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯೇ ಆಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿ ಬೆರೆಸಿ, 24 ಗಂಟೆಯೊಳಗೆ ಮುಗಿಸಿ. ಪ್ರತಿ ಭೇದಿಯಾದ ಮೇಲೆ 100ರಿಂದ 200 ಮಿಲಿ, ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಿಹಿ ಹೆಚ್ಚಿರುವ ಪೆಟ್ಟಿಗೆ ಪಾನೀಯಗಳಿಂದ ಭೇದಿ ಜಾಸ್ತಿಯಾಗುತ್ತದೆ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಹಾಕಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಏನು ಕುಡಿದರೂ ವಾಂತಿಯಾದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಫ್ಲೋರೈಡ್ ಇದೆಯಂತೆ. ಕುದಿಸಿ ಕುಡಿದರೆ ಸಾಕೇ? (ಪಾವಗಡ)

ಉತ್ತರ: ಸಾಲದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲವೆಂದಾಗ 1.5 ಗಡಿ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಬೆನ್ನು ಬಗ್ಗಿಸಲಾಗದ ಬಿಗಿತ ಬರುವುದು ಇದರಿಂದಲೇ. ಗ್ರಾಮ ಪಂಚಾಯಿತಿಗೆ ಹೇಳಿ ನೀರು ಪರೀಕ್ಷೆ ಮಾಡಿಸಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೋ ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಬೋರ್‌ವೆಲ್ ನೀರು ಸ್ನಾನಕ್ಕೆ, ಪಾತ್ರೆ ಬಟ್ಟೆಗೆ ಇರಲಿ.