ಚಳಿ ಇರುವಾಗಲೇ ಓದಿಕೋ

ತಮ್ಮಾ, ನಮ್ಮ ರಾಯಚೂರಿಗೆ ಚಳಿ ಬರುವುದು ಬೀಗರು ಬಂದ ಹಾಗೆ. ಎಳ್ಳಮಾಸಿಗೆ ಬಂದು ಸಂಕ್ರಾಂತಿ ಉಂಡು ಹೊರಡುತ್ತದೆ. ಶಿವರಾತ್ರಿ ದಾಟಿತೋ, ಪುಸ್ತಕವೂ ಬೇಡ, ಹಾಡೂ ಬೇಡ, ನೆರಳು ಸಿಕ್ಕರೆ ಸಾಕು ಅನ್ನಿಸುವ ಬಿಸಿಲು. ಈ ಒಂದು ತಿಂಗಳನ್ನೂ ಮೊಬೈಲಿಗೆ ಕೊಟ್ಟು ಕೂಡಬೇಡ.

ನೀನು ಜಾಣ, ಓದುವುದೂ ಚುರುಕು. ತೊಂದರೆ ಇರುವುದೇ ಅಲ್ಲಿ. ಮೊನ್ನೆ ನನ್ನ ಕಪಾಟಿನಿಂದ ‘ಹರಿಕಥಾಮೃತಸಾರ’ ಒಯ್ದೆ. ಮರುದಿನವೇ ತಂದಿಟ್ಟು ‘ತಲಿಗೆ ಹತ್ತಲಿಲ್ಲ ತಾತಾ’ ಅಂದೆ. 32 ಸಂಧಿ ಒಂದೇ ರಾತ್ರಿಗೆ ಯಾರ ತಲೆಗೆ ಹತ್ತೀತು? ಅದು ಬಾಯಿಂದ ಓದುವ ಪುಸ್ತಕ, ನೀನು ಬರೀ ಕಣ್ಣಾಡಿಸಿದೆ. ಭಾಮಿನಿ ಷಟ್ಪದಿ ಅದು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಎರಡು ಸಾಲು ಹೀಗೆ ನಡೆದು, ಮೂರನೆಯದು ಉದ್ದಕ್ಕೆ ಹರಿದು ನಿಲ್ಲುತ್ತದೆ.

ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುತ್ತ ಅದರ ಒಂದೊಂದೇ ನುಡಿ ಹೇಳುತ್ತಿದ್ದಳು. ಅಂಗೈ ಹಿಟ್ಟಿನ ಮೇಲೆ ಬಿದ್ದ ಕಡೆಯೇ ಪದವೂ ಬೀಳುತ್ತಿತ್ತು. ಉದ್ದನೆಯ ಸಾಲು ಬಂದಾಗ ರೊಟ್ಟಿ ಎತ್ತಿ ಹಂಚಿಗೆ ಹಾಕಿ, ನೀರು ಸವರುತ್ತ ಸಾಲು ಮುಗಿಸುತ್ತಿದ್ದಳು. ಅರ್ಥ ಕೇಳಿದರೆ ‘ಮೊದ್ಲು ಬಾಯಿಗೆ ಬರ್ಲಿ, ಅರ್ಥ ಹಿಂದಿಂದ ಬರ್ತದ’ ಅನ್ನುವಳು. ನನಗೆ ಬಂದದ್ದು ಐವತ್ತು ದಾಟಿದ ಮೇಲೆ.

ಹರಿಕಥಾಮೃತಸಾರ ಬರೆದವರೇನು ದೂರದವರಲ್ಲ. ಜಗನ್ನಾಥದಾಸರು ಮಾನ್ವಿ ಸೀಮೆಯ ಬ್ಯಾಗವಾಟದವರು. ಅವರನ್ನು ಪೊರೆದ ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಗೋಪಾಲದಾಸರ ಗುರು ವಿಜಯದಾಸರು ಚೀಕಲಪರವಿಯವರು. ಸಂಸ್ಕೃತ ಕಲಿತ ಬಿರುಸಿನಲ್ಲಿ ಜಗನ್ನಾಥದಾಸರು ಕನ್ನಡ ಪದ ಹಾಡುವವರನ್ನು ಹಗುರ ಮಾಡಿದರಂತೆ. ಅದಕ್ಕೇ ಹೊಟ್ಟೆನೋವು ಬಂತಂತೆ. ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಕೊಟ್ಟು ಉಳಿಸಿದರಂತೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಕೊಟ್ಟವರು 1762ರಲ್ಲೇ ಹೋದರು, ಪಡೆದವರು 1809ರವರೆಗೆ ಬಾಳಿದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೋಪಾಲದಾಸರ ಪದ ಕೇಳು, ಎದೆ ತುಂಬಿ ಬರುತ್ತದೆ. ಅವರ ಆರಾಧನೆ ಪುಷ್ಯ ಬಹುಳ ಅಷ್ಟಮಿಗೆ, ಪುರಂದರದಾಸರದು ಒಂದು ವಾರ ಬಿಟ್ಟು ಅಮಾವಾಸ್ಯೆಗೆ. ಅಂದು ಭಜನೆಗೆ ಹೋಗು. ಮೈಕಿನ ಮುಂದೆ ಕೂಡಬೇಡ, ತಾಳ ಹಾಕುವ ಮುದುಕಿಯರ ಪಕ್ಕ ಕೂಡು. ಭೀಮಸೇನ ಜೋಶಿಯವರ ದಾಸವಾಣಿ ಆಮೇಲೆ ಕೇಳುವಿಯಂತೆ.

ಇನ್ನೊಂದು ಮಾತು. ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದ ಮುಂದೆ ದಿನಾ ಗಾಡಿ ಓಡಿಸಿಕೊಂಡು ಹೋಗುತ್ತೀ. ಯಾರವರು ಎಂದು ಒಮ್ಮೆಯಾದರೂ ಕೇಳಿದೆಯಾ? ಹಿಂದುಸ್ತಾನಿ ಗಾಯಕರು, ವಚನ ಹಾಡಿದವರು. ರಾತ್ರಿ ದೀಪ ಆರಿಸಿ ಅವರ ಒಂದು ವಚನ ಕೇಳು. ಒಂದೇ ಸಾಕು, ನಡುವೆ ಮುಂದಕ್ಕೆ ಓಡಿಸಬೇಡ.

ನಿನಗೆ ಗಜಲ್ ಇಷ್ಟ, ಗೊತ್ತು. ಹಾಗಿದ್ದರೆ ಶಾಂತರಸರನ್ನು ಹಿಡಿ. 1924ರಲ್ಲಿ ಹುಟ್ಟಿದ ನಮ್ಮ ಜಿಲ್ಲೆಯವರು. ಉರ್ದುವಿನ ಗಜಲನ್ನು ಕನ್ನಡದ ಹೊಲಕ್ಕೆ ನಾಟಿ ಮಾಡಿದವರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಅವರ ಗಜಲುಗಳನ್ನೂ ಜೊತೆಗಿಟ್ಟುಕೋ. ಗಜಲಿನಲ್ಲಿ ಪ್ರತಿ ದ್ವಿಪದಿಯೂ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಒಂದು ಓದಿ ಪುಸ್ತಕ ಮುಚ್ಚು. ಚಹಾ ಕುಡಿ. ಆಮೇಲೆ ಇನ್ನೊಂದು. ಕೊನೆಗೆ ಮರಳಿ ಮರಳಿ ಬರುವ ಆ ರದೀಫು ಪ್ರತಿ ಸಲವೂ ಬೇರೆಯೇ ದನಿಯಲ್ಲಿ ಕೇಳಿಸುತ್ತದೆ. ಓಡುವವನಿಗೆ ಅದು ಒಂದೇ ಶಬ್ದ ಅನ್ನಿಸುತ್ತದೆ.

ಕಥೆ ಬೇಕೆಂದರೆ ರಾಜಶೇಖರ ನೀರಮಾನ್ವಿಯವರ ‘ಹಂಗಿನರಮನೆಯ ಹೊರಗೆ’ ಕಪಾಟಿನ ಮೇಲಿನ ಸಾಲಿನಲ್ಲಿದೆ, ತೊಗೊ.

ಹರಿಕಥಾಮೃತಸಾರ ಇವತ್ತೇ ಮತ್ತೆ ಒಯ್ಯಿ. ಮಂಗಳಾಚರಣ ಸಂಧಿಯಿಂದ ಹಿಡಿ, ದಿನಕ್ಕೆ ಮೂರೇ ನುಡಿ, ಗಟ್ಟಿಯಾಗಿ. ಭಾನುವಾರ ನಸುಕಿಗೆ ಹೊಲಕ್ಕೆ ಬಾ. ಜೋಳ ಹಾಲುಗಾಳಿಗೆ ಬಂದಿದೆ, ಸೀತನಿ ಸುಡುತ್ತೇವೆ. ಬಾಯಿಗೆ ಬಂದಷ್ಟು ನುಡಿ ಅಲ್ಲೇ ಬೆಂಕಿಯ ಮುಂದೆ ಹೇಳು, ನಾನು ತಾಳ ಹಾಕುತ್ತೇನೆ.