ಕ್ಯಾಂಪಸ್ ಅಂಚಿನ ಬೀದಿಗೆ ಕೈಹಾಕುವ ಮುನ್ನ

ಮಗಳೇ, ನಗರ ಯೋಜನೆಯ ಕೆಲಸಕ್ಕೆ ಸೇರಿದ್ದೀಯ. ಮೈಸೂರಿನ ಮಾನಸಗಂಗೋತ್ರಿ ಕ್ಯಾಂಪಸ್ ಪಕ್ಕದ ಪಡುವಾರಹಳ್ಳಿಯಂಥ ಕಡೆ ಕೆಳಗೆ ಅಂಗಡಿ, ಮೇಲೆ ಮನೆ ಅಂತ ಹೊಸದಾಗಿ ಕಟ್ಟಿಸುವ ಯೋಜನೆ ಎಂದಾದರೂ ನಿನ್ನ ಮೇಜಿಗೆ ಬರುತ್ತದೆ. ಆಗ ಇವನ್ನು ನೆನಪಿಟ್ಟುಕೋ.

• ನಕ್ಷೆ ಬಿಚ್ಚುವ ಮೊದಲು ಬೀದಿಯಲ್ಲಿ ನಿಲ್ಲು. ಥೀಸಿಸ್ ಒಪ್ಪಿಸುವ ವಾರ ಝೆರಾಕ್ಸ್ ಅಂಗಡಿ ನೋಡು: ಹತ್ತಡಿ ಮಳಿಗೆ, ಎರಡು ಯಂತ್ರ, ಬೈಂಡಿಂಗಿಗೆ ಕಾದು ನಿಂತ ಹುಡುಗರು. ಪಕ್ಕದ ಮೆಸ್ಸಿನಮ್ಮ ನೋಟ್‌ಪುಸ್ತಕದಲ್ಲಿ ಊಟದ ಲೆಕ್ಕ ಬರೆದು, "ಸ್ಕಾಲರ್‌ಶಿಪ್ ಬಂದ್ಮೇಲೆ ಕೊಡಪ್ಪ" ಅನ್ನುತ್ತಾರೆ. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳು ಎಂ.ಎ. ಮುಗಿಸುವುದು ಈ ಸಾಲದಲ್ಲಿ. ಮಳಿಗೆಯ ಬಾಡಿಗೆ ಏರಿದ ದಿನ ಆ ಪುಸ್ತಕ ಮುಚ್ಚುತ್ತದೆ.

• ಅದಕ್ಕೇ ನೆಲಮಹಡಿಯ ಮಳಿಗೆಗಳು ಸಣ್ಣವಾಗಿಯೇ ಇರಲಿ. ಇಡೀ ಮುಂಭಾಗ ಒಂದೇ ಶೋರೂಮಿನ ಪಾಲಾಗಬಾರದು. ಹಳೇ ಬಾಡಿಗೆದಾರರು ವಾಪಸು ಬರುವ ಹಕ್ಕು, ಕಟ್ಟಡ ಏಳುವತನಕ ಅವರಿಗೆ ತಾತ್ಕಾಲಿಕ ಜಾಗ, ಎರಡನ್ನೂ ಕರಾರಿನಲ್ಲಿ ಬರೆಸು. ಇನ್ನೊಂದೂರಲ್ಲಿ ನಾನು ಬಾಯಿಮಾತು ನಂಬಿದೆ. ಕಟ್ಟಡ ಎದ್ದಾಗ ಹಳಬರು ಒಬ್ಬರೂ ಇರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

• ತಳ್ಳುಗಾಡಿಯವರನ್ನು ಒತ್ತುವರಿದಾರರ ಪಟ್ಟಿಗೆ ಸೇರಿಸಬೇಡ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವತನಕ ಅವರನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಅವರೇ ಇರಬೇಕು.

• ಎಷ್ಟು ಮಹಡಿ ಅನ್ನುವುದಕ್ಕೆ ಮೊದಲು ನೀರು ಎತ್ತ ಹರಿಯುತ್ತದೆ ಕೇಳು. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೇಸಾಯಕ್ಕೆಂದು ಕಟ್ಟಿಸಿದರು. ಅದೇ ಕೆರೆಗೆ ಪಡುವಾರಹಳ್ಳಿ ಕಡೆಯ ಕೊಳಚೆ ಸೇರಿದ್ದನ್ನು ಮೈಸೂರು ಕಂಡಿದೆ. ಒಳಚರಂಡಿಯ ತಾಕತ್ತು ಲೆಕ್ಕ ಹಾಕದೆ ಒಂದು ಮಹಡಿಗೂ ಸಹಿ ಹಾಕಬೇಡ.

• ಪಾರ್ಕಿಂಗಿಗಿಂತ ಮೊದಲು ಫುಟ್‌ಪಾತ್. ಅಲ್ಲಿ ಹೆಚ್ಚಿನವರು ನಡೆಯುವವರು.

• ಉದ್ದದ ಕಾಂಪೌಂಡು ಗೋಡೆಯ ಪಕ್ಕ ರಾತ್ರಿ ಒಬ್ಬಳೇ ನಡೆದು ನೋಡು. ಲ್ಯಾಬ್ ಮುಗಿಸಿ ರೂಮಿಗೆ ಹೋಗುವ ಹುಡುಗಿಗೆ ಬೇಕಾದದ್ದು ಒಂದು ಸಣ್ಣ ಗೇಟು, ಬೀದಿದೀಪ, ಮೇಲಿನ ಮನೆಗಳಲ್ಲಿ ಜನ. ಬರೀ ಆಫೀಸು ತುಂಬಿದ ಮಹಡಿಗಳು ಸಂಜೆಗೇ ಕತ್ತಲಾಗುತ್ತವೆ. ಮನೆಗಳಿರಲಿ, ಅದರಲ್ಲೂ ವಿದ್ಯಾರ್ಥಿಗಳ ಕೈಗೆಟಕುವ ಒಂದು ಕೋಣೆಯ ಮನೆಗಳು.

• ಅಹವಾಲು ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯಬೇಡ. ಮಧ್ಯಾಹ್ನದ ಊಟ ಬಡಿಸಿ, ಪಾತ್ರೆ ತೊಳೆದು ಮೆಸ್ಸಿನಮ್ಮ ಕೂರುವುದು ಮೂರೂವರೆಗೆ. ಆಗ ಕರೆ, ಅವರ ಬೀದಿಯಲ್ಲೇ.