ಕಾಡು ಬಿಡಿ, ಒಂದು ಮನೆ ಹಿಡಿಯಿರಿ

ಪ್ರಶ್ನೆ: ಊರು ಮಾರ್ಟಳ್ಳಿ. ಹಾರರ್ ಚಿತ್ರಕಥೆ ಬರೆದಿದ್ದೇನೆ. ಅರ್ಧ ಕಥೆ ರಾತ್ರಿ ಕಾಡಿನಲ್ಲೇ ನಡೆಯುತ್ತದೆ. ಕೈಯಲ್ಲಿ ಮೊಬೈಲ್, ಒಂದಿಷ್ಟು ಉಳಿತಾಯ. ಹೇಗೆ ಶುರು ಮಾಡಲಿ?

ಉತ್ತರ: ಮೊದಲು ಕಾಡಿನ ದೃಶ್ಯಗಳನ್ನು ಮನೆಯೊಳಕ್ಕೆ ತಂದು ಮತ್ತೆ ಬರೆಯಿರಿ. ನಿಮ್ಮೂರಿನ ಸುತ್ತಲಿನ ಮಲೆ ಮಹದೇಶ್ವರ ಕಾಡು 2013ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಅಲ್ಲಿ ಚಿತ್ರೀಕರಿಸುವಂತಿಲ್ಲ. ಆನೆ ಓಡಾಡುವ ಹೊತ್ತಿನಲ್ಲಿ ಗೆಳೆಯರನ್ನು ಅತ್ತ ಕರೆದೊಯ್ಯಲೇಬೇಡಿ. ಬೀಗ ಬಿದ್ದ ಹಳೇ ಮನೆ, ಹೊಲದ ಪಂಪ್‌ಸೆಟ್ ಕೋಣೆ ಸಾಕು. ಮಾಲೀಕರ ಒಪ್ಪಿಗೆ ಬರೆಸಿಕೊಳ್ಳಿ.

ಕನ್ನಡದ ‘6-5=2’ (2013) ನೋಡಿ. ಚಾರಣಕ್ಕೆ ಹೋದವರೇ ಚಿತ್ರೀಕರಿಸಿದ್ದು ಎಂಬ ಕಟ್ಟು ಅದರದು. ಅಲುಗುವ ಕ್ಯಾಮೆರಾ ಅಲ್ಲಿ ಕಥೆಯ ಭಾಗವೇ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಎಂಬ ಇಂಗ್ಲಿಷ್ ಹಾರರ್ ಚಿತ್ರವನ್ನು ಒಂದೇ ಮನೆಯಲ್ಲಿ, ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರೀಕರಿಸಿದರು.

ಹಣವನ್ನು ಕ್ಯಾಮೆರಾಗಲ್ಲ, ಧ್ವನಿಗೆ ಹಾಕಿ. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ, ಕೇಳಿಸದ ಮಾತನ್ನಲ್ಲ. ಕಾಲರ್ ಮೈಕ್ ಕೊಳ್ಳಿ. ಜೀರುಂಡೆ, ಬಾಗಿಲ ಕಿರ್ರೆನ್ನುವ ಸದ್ದು, ಖಾಲಿ ಕೋಣೆಯ ಮೌನ ಎಲ್ಲವನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಹೆದರಿಸುವುದು ಅವೇ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು, ಆದರೆ ಒಳ್ಳೆಯ ಕಂಪ್ಯೂಟರ್ ಬೇಕು.

ಪೂರ್ಣ ಸಿನಿಮಾಗೆ ಮೊದಲು ಎಂಟು ನಿಮಿಷದ ಕಿರುಚಿತ್ರ ಮಾಡಿ.

ಚಿತ್ರಕಥೆಯನ್ನು ಯಾರಿಗಾದರೂ ತೋರಿಸುವ ಮುನ್ನ ಕೇಂದ್ರದ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ಮೂಲಕ ನೋಂದಾಯಿಸಿ. ನಿರ್ಮಾಪಕರು ಕಥೆ ಕೊಳ್ಳುತ್ತೇವೆಂದರೆ, ಸಹಿಗೆ ಮೊದಲು ವಕೀಲರಿಗೆ ಕರಾರು ತೋರಿಸಿ. ಚಿತ್ರಮಂದಿರದಲ್ಲಿ ಬಿಡುಗಡೆ ಮಾಡುವುದಾದರೆ ಸೆನ್ಸಾರ್ ಪ್ರಮಾಣಪತ್ರವೂ ಬೇಕಾಗುತ್ತದೆ.